ಕರ್ನಾಟಕದಲ್ಲಿ ಶ್ವಾಸಕೋಶ ಕಸಿ: ದಾನಿಗಳಿದ್ದರೂ ಶ್ವಾಸಕೋಶ ಏಕೆ ಸಿಗುತ್ತಿಲ್ಲ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ ಈಗ 51 ವರ್ಷ. ನಾಲ್ಕು ವರ್ಷಗಳಿಂದ ಇಂಟರ್‌ಸ್ಟಿಷಿಯಲ್ ಲಂಗ್ ಡಿಸೀಸ್ ಎಂಬ ಕಾಯಿಲೆಯಿಂದ ನರಳುತ್ತಿದ್ದಾಳೆ. ಗಾಯ ಮಾಗಿದ ಜಾಗದ ಚರ್ಮ ಬಿಗಿಯುವಂತೆ ಶ್ವಾಸಕೋಶವೇ ಒಳಗಿನಿಂದ ಬಿಗಿಯುತ್ತಾ ಹೋಗುವ ಕಾಯಿಲೆ ಇದು ಎಂದು ವೈದ್ಯರು ನಮಗೆ ಬಿಡಿಸಿ ಹೇಳಿದರು. ಕಳೆದ ವರ್ಷದವರೆಗೆ ಮೆಟ್ಟಿಲು ಹತ್ತುವಾಗ ಮಾತ್ರ ಆಮ್ಲಜನಕ ಬೇಕಾಗುತ್ತಿತ್ತು. ಈಗ ಹಗಲಿರುಳೂ ಮೂಗಿಗೆ ನಳಿಕೆ ಇರಲೇಬೇಕು. ನಮ್ಮ ಕಡೆ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಎರಡೆರಡು ದಿನ ಕರೆಂಟು ಇರುವುದಿಲ್ಲವಾದ್ದರಿಂದ, ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರದ ಜೊತೆಗೆ ಎರಡು ದೊಡ್ಡ ಸಿಲಿಂಡರುಗಳನ್ನೂ ಪಡಸಾಲೆಯಲ್ಲಿ ನಿಲ್ಲಿಸಿಕೊಂಡಿದ್ದೇವೆ.

ಔಷಧದಿಂದ ಇನ್ನು ಹೆಚ್ಚಿನದೇನೂ ಆಗದು, ಕಸಿಗೆ ಹೆಸರು ನೋಂದಾಯಿಸುವ ಬಗ್ಗೆ ಯೋಚಿಸಿ ಎಂದು ಕಳೆದ ತಿಂಗಳು ವೈದ್ಯರು ತಿಳಿಸಿದರು. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದಿದಷ್ಟೂ ಒಂದು ಲೆಕ್ಕ ಮಾತ್ರ ತಾಳೆಯಾಗುತ್ತಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿ 178 ಕುಟುಂಬಗಳು ಮೃತರ ಅಂಗಾಂಗಗಳನ್ನು ದಾನ ಮಾಡಿವೆ. ದೇಶದಲ್ಲಿ ತೆಲಂಗಾಣವನ್ನು ಬಿಟ್ಟರೆ ನಾವು ಮತ್ತು ತಮಿಳುನಾಡು ಸರಿಸಮವಾಗಿ ಎರಡನೆಯ ಸ್ಥಾನದಲ್ಲಿದ್ದೆವು. ಹೀಗಿದ್ದೂ ಶ್ವಾಸಕೋಶದ ಮಾತು ಬಂದ ಕೂಡಲೇ ಎಲ್ಲರೂ "ಚೆನ್ನೈಗೆ ಹೋಗಿ, ಇಲ್ಲವೇ ಹೈದರಾಬಾದಿಗೆ ಹೋಗಿ" ಎನ್ನುತ್ತಾರೆ. ಮೂತ್ರಪಿಂಡ, ಯಕೃತ್ತು ಕೊಟ್ಟ ದಾನಿಯ ಎದೆಯೊಳಗೆ ಶ್ವಾಸಕೋಶವೂ ಇದ್ದೇ ಇತ್ತಲ್ಲವೇ? ಅದು ಎಲ್ಲಿಗೆ ಹೋಗುತ್ತಿದೆ? ನಮ್ಮಲ್ಲಿ ಶಸ್ತ್ರವೈದ್ಯರಿಲ್ಲವೇ, ಅಥವಾ ಸಮಸ್ಯೆ ಬೇರೆಯೇ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಲೆಕ್ಕಿಗ

ಉತ್ತರ ಸರಳವಾಗಿದೆ: ಹಣ. ಖಾಸಗಿ ಆಸ್ಪತ್ರೆಯಲ್ಲಿ ಎರಡೂ ಶ್ವಾಸಕೋಶಗಳ ಕಸಿಗೆ ಮೂವತ್ತು ಲಕ್ಷದ ಆಸುಪಾಸಿನ ಅಂದಾಜು ಕೊಡುತ್ತಾರೆ. ತೊಡಕು ಎದುರಾದರೆ ಅದು ಎಲ್ಲಿಗೆ ನಿಲ್ಲುತ್ತದೆಂದು ಯಾರೂ ಬರೆದು ಕೊಡುವುದಿಲ್ಲ. ಅಷ್ಟು ಹಣ ಹೊಂದಿಸಬಲ್ಲವರು ರಾಜ್ಯದಲ್ಲಿ ಎಷ್ಟು ಮಂದಿ ಇದ್ದಾರೆ? ಪಡೆಯುವವರೇ ಇಲ್ಲದ ಮೇಲೆ ಅಂಗವನ್ನು ತೆಗೆದು ಯಾರಿಗೆ ಕೊಡಬೇಕು? ಉಳಿದ ವಿವರಣೆಗಳೆಲ್ಲ ಇದರ ಮೇಲಿನ ಮೇಲುಹೊದಿಕೆ ಎಂಬುದು ನನ್ನ ಅಭಿಪ್ರಾಯ.

ನಿಗಾ ಘಟಕದ ವೈದ್ಯೆ (ಹುಬ್ಬಳ್ಳಿ)

ಲೆಕ್ಕಿಗರ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಕಥೆಯ ಎರಡನೆಯ ಅರ್ಧ. ಮೊದಲರ್ಧ ನಡೆಯುವುದು ನಾನು ಕೆಲಸ ಮಾಡುವಂಥ ಐಸಿಯುಗಳಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೂತ್ರಪಿಂಡ, ಯಕೃತ್ತು, ಹೃದಯ ಇವೆಲ್ಲ ದೇಹದೊಳಗೆ ಮುಚ್ಚಿಕೊಂಡಿರುವ ಅಂಗಗಳು. ಶ್ವಾಸಕೋಶವೊಂದೇ ಹೊರಗಿನ ಗಾಳಿಗೆ ಬಾಯಿ ತೆರೆದುಕೊಂಡಿರುವಂಥದ್ದು. ದಾನಿಗಳಲ್ಲಿ ಬಹಳ ಮಂದಿ ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು ಅಥವಾ ಮಿದುಳಿನಲ್ಲಿ ರಕ್ತಸ್ರಾವವಾದವರು. ಎಚ್ಚರ ತಪ್ಪಿ ಬಿದ್ದ ಕ್ಷಣದಲ್ಲೇ ಹೊಟ್ಟೆಯಲ್ಲಿದ್ದದ್ದು ಅಥವಾ ಬಾಯಿಯ ರಕ್ತ ಶ್ವಾಸನಾಳಕ್ಕೆ ಇಳಿದಿರುತ್ತದೆ. ಆಮೇಲೆ ಮಿದುಳಿನ ಒತ್ತಡ ಏರಿ ಅದು ನಿಷ್ಕ್ರಿಯವಾಗುವ ಹೊತ್ತಿಗೆ ದೇಹದಲ್ಲಿ ಅಡ್ರಿನಲಿನ್ ಪ್ರವಾಹದಂತೆ ನುಗ್ಗುತ್ತದೆ. ಆ ರಭಸಕ್ಕೆ ಶ್ವಾಸಕೋಶದೊಳಗೆ ನೀರು ತುಂಬಿಕೊಳ್ಳುವುದುಂಟು. ಮೂರನೆಯದಾಗಿ, ವೆಂಟಿಲೇಟರಿನಲ್ಲಿ ದಿನ ಕಳೆದಂತೆ ಸೋಂಕು ತಗಲುತ್ತದೆ. ನಾಲ್ಕನೆಯದು ನಾವೇ ಮಾಡುವ ಕೆಡುಕು: ಮಿದುಳು ನಿಂತ ಮೇಲೆ ಮೂತ್ರ ಧಾರಾಕಾರವಾಗಿ ಹೋಗತೊಡಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡವನ್ನು ಉಳಿಸುವ ಆತುರದಲ್ಲಿ ನಾವು ಬಾಟಲಿಯ ಮೇಲೆ ಬಾಟಲಿ ಸಲೈನ್ ಹರಿಸುತ್ತೇವೆ. ಮೂತ್ರಪಿಂಡ ಉಳಿಯುತ್ತದೆ, ಶ್ವಾಸಕೋಶ ಮುಳುಗುತ್ತದೆ. ವ್ಯವಸ್ಥೆ ಚೆನ್ನಾಗಿರುವ ದೇಶಗಳಲ್ಲೂ ಮೃತ ದಾನಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರ ಶ್ವಾಸಕೋಶ ಮಾತ್ರ ಕಸಿಗೆ ಯೋಗ್ಯವೆನಿಸುತ್ತದೆ. 2023ರಲ್ಲಿ ಇಡೀ ಭಾರತದಲ್ಲಿ ಮೃತ ದಾನಿಗಳು 1,099; ಶ್ವಾಸಕೋಶ ಕಸಿಗಳು 197.

ಒಂದು ಪ್ರಸಂಗ ಹೇಳುತ್ತೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಊರಿನ ಒಂದು ಆಸ್ಪತ್ರೆಯಲ್ಲಿ, ಬೈಕಿನಿಂದ ಬಿದ್ದ ಯುವಕನೊಬ್ಬ ಮೂರನೆಯ ದಿನ ಮಿದುಳು ನಿಷ್ಕ್ರಿಯ ಸ್ಥಿತಿಗೆ ತಲುಪಿದ. ಅವನ ತಂದೆ ನಾವು ಕೇಳುವ ಮೊದಲೇ "ಏನೇನು ಆಗುತ್ತದೋ ಎಲ್ಲವನ್ನೂ ಕೊಡಿ" ಎಂದರು. ಬೆಂಗಳೂರಿನ ತಂಡ ಶ್ವಾಸಕೋಶಕ್ಕೆ ಆಸಕ್ತಿ ತೋರಿಸಿ, ನೂರಕ್ಕೆ ನೂರು ಆಮ್ಲಜನಕ ಕೊಟ್ಟು ರಕ್ತ ಪರೀಕ್ಷೆ ಮಾಡಿ ಕಳುಹಿಸಿ ಎಂದು ಕೇಳಿತು. ಆ ಪರೀಕ್ಷೆಯಲ್ಲಿ ಆಮ್ಲಜನಕದ ಒತ್ತಡ 300 ದಾಟಿರಬೇಕು. ನಮಗೆ ಬಂದದ್ದು 210. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಮಬ್ಬು ಮಬ್ಬಾದ ಬಿಳುಪು. ಹಿಂದಿನ ರಾತ್ರಿಯ ಚಾರ್ಟ್ ತಿರುವಿ ನೋಡಿದೆ. ಹನ್ನೊಂದು ಗಂಟೆಯಿಂದ ಬೆಳಗಿನ ಐದರವರೆಗೆ ಕಫ ಹೀರಿ ತೆಗೆದ ದಾಖಲೆಯೇ ಇರಲಿಲ್ಲ, ಹಾಸಿಗೆಯ ತಲೆಯ ಭಾಗವನ್ನು ಏರಿಸಿರಲಿಲ್ಲ. ಹತ್ತು ಹಾಸಿಗೆಗೆ ಇಬ್ಬರೇ ದಾದಿಯರಿದ್ದ ರಾತ್ರಿ ಅದು, ಯಾರನ್ನು ದೂರುವುದು? "ಇನ್ನೇನು ಉಳಿಯದ ರೋಗಿ" ಎಂದು ಎಲ್ಲರ ಗಮನವೂ ಪಕ್ಕದ ಹಾಸಿಗೆಗೆ ಸರಿದಿತ್ತು. ಯಕೃತ್ತು ಹೋಯಿತು, ಎರಡೂ ಮೂತ್ರಪಿಂಡಗಳು ಹೋದವು, ಕಣ್ಣು ಹೋದವು. ಶ್ವಾಸಕೋಶ ಅವನೊಂದಿಗೇ ಮಣ್ಣಾಯಿತು.

ತುಂಗಾತೀರರೇ, ಅದು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದಿರಲ್ಲ, ಅಲ್ಲಿಗೆ.

ತುಂಗಾತೀರ

ಮೇಡಂ, ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಇಷ್ಟು ಬಿಚ್ಚಿ ಬರೆದದ್ದಕ್ಕೆ ವಂದನೆಗಳು. ಒಂದು ಸಣ್ಣ ಪ್ರಶ್ನೆ: ನಾನೇ ಅಕ್ಕನಿಗೆ ಒಂದು ಭಾಗವನ್ನು ಕೊಡಲು ಆಗುವುದಿಲ್ಲವೇ? ಯಕೃತ್ತಿನಲ್ಲಿ ಹಾಗೆ ಮಾಡುತ್ತಾರಲ್ಲ.

ಎದೆರೋಗ ವೈದ್ಯ (ಮೈಸೂರು)

ತಮ್ಮನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅಂಥ ಕಸಿ ಇದೆ. ಇಬ್ಬರು ದಾನಿಗಳು ತಮ್ಮ ಶ್ವಾಸಕೋಶದ ಕೆಳಗಿನ ಹಾಲೆಯನ್ನು (ಲೋಬ್ ಎನ್ನುವ ಭಾಗವನ್ನು) ತಲಾ ಒಂದರಂತೆ ಕೊಡಬೇಕು. ಜಪಾನಿನ ಕ್ಯೋಟೋದಲ್ಲಿ ಅದರಲ್ಲಿ ಪಳಗಿದವರಿದ್ದಾರೆ. ನಮ್ಮಲ್ಲಿ ಅದು ರೂಢಿಯಲ್ಲಿಲ್ಲ. ಯಕೃತ್ತು ಮತ್ತೆ ಬೆಳೆಯುತ್ತದೆ; ಕೊಟ್ಟ ಹಾಲೆ ಬೆಳೆಯುವುದಿಲ್ಲ. ಅದನ್ನು ನೆಚ್ಚಿ ಕೂರಬೇಡಿ.

ಹುಬ್ಬಳ್ಳಿಯ ವೈದ್ಯೆ ದಾನಿಯ ಕಡೆಯಿಂದ ಬರೆದಿದ್ದಾರೆ. ರೋಗಿಯ ಕಡೆಯಿಂದ ನಾನು ಎರಡು ಮಾತು ಸೇರಿಸಬೇಕು, ಏಕೆಂದರೆ ನಮ್ಮ ವೃತ್ತಿಯ ತಪ್ಪೂ ಇದರಲ್ಲಿದೆ. ನಾವು ರೋಗಿಗಳನ್ನು ಕಸಿ ಕೇಂದ್ರಕ್ಕೆ ಕಳುಹಿಸುವುದು ತೀರಾ ತಡವಾಗಿ. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಖಚಿತವಾದ ದಿನವೇ ಕಸಿಯ ಸಾಧ್ಯತೆಯನ್ನು ಪ್ರಸ್ತಾಪಿಸಿ, ಒಮ್ಮೆ ಆ ತಂಡವನ್ನು ಕಂಡು ಬನ್ನಿ ಎನ್ನಬೇಕು. ನಾವು ಹಾಗೆ ಮಾಡುವುದಿಲ್ಲ. ಸ್ಟಿರಾಯ್ಡ್ ಕೊಡುತ್ತೇವೆ, ಕಾಯಿಲೆಯ ವೇಗ ತಗ್ಗಿಸುವ ನಿಂಟೆಡಾನಿಬ್ ಕೊಡುತ್ತೇವೆ, ಇನ್ನೊಂದು ಆರು ತಿಂಗಳು ನೋಡೋಣ ಎನ್ನುತ್ತೇವೆ. ಕೊನೆಗೆ ರೋಗಿ ಹಾಸಿಗೆಯಿಂದ ಶೌಚಾಲಯಕ್ಕೂ ಹೋಗಲಾರದಂತಾದ ಮೇಲೆ, ತೂಕ ಅರ್ಧಕ್ಕೆ ಇಳಿದ ಮೇಲೆ, ತೊಡೆಯ ಸ್ನಾಯು ಕರಗಿದ ಮೇಲೆ ಪತ್ರ ಬರೆದು ಕೊಡುತ್ತೇವೆ. ಅಷ್ಟು ಹೊತ್ತಿಗೆ ಶಸ್ತ್ರಚಿಕಿತ್ಸೆಯನ್ನು ತಡೆದುಕೊಳ್ಳುವ ದೇಹವೇ ಉಳಿದಿರುವುದಿಲ್ಲ. ಹೀಗಾಗಿ ಕಾಯುವವರ ಪಟ್ಟಿ ಕಾಗದದಲ್ಲಿ ಚಿಕ್ಕದಾಗಿ ಕಾಣಿಸುತ್ತದೆ. ರೋಗಿಗಳು ಕಡಿಮೆ ಎಂದು ಅದರ ಅರ್ಥವಲ್ಲ. ಪಟ್ಟಿಗೆ ಸೇರುವ ಮೊದಲೇ ಅವರು ತೀರಿಕೊಂಡಿರುತ್ತಾರೆ. ಕಲ್ಲು ಒಡೆಯುವ ಕೆಲಸದವರು, ಕೋಲಾರದ ಗಣಿಯಲ್ಲಿ ದುಡಿದು ದೂಳು ನುಂಗಿದವರು, ಕ್ಷಯ ವಾಸಿಯಾದರೂ ಶ್ವಾಸಕೋಶ ಹಾಳಾಗಿ ಉಳಿದವರು, ಇವರಲ್ಲಿ ಎಷ್ಟು ಮಂದಿಗೆ "ಕಸಿ" ಎಂಬ ಪದವಾದರೂ ವೈದ್ಯರ ಬಾಯಿಂದ ಬಂದಿರುತ್ತದೆ?

ಇನ್ನೊಂದು ವಿಷಯವನ್ನು ತುಂಗಾತೀರರು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಅಕ್ಕನ ಕಾಯಿಲೆಗೆ ಕಾರಣ ಯಾವುದೆಂದು ಹುಡುಕಿದ್ದಾರೆಯೇ? 2017ರಲ್ಲಿ ಪ್ರಕಟವಾದ ಭಾರತದ ದಾಖಲಾತಿ ಅಧ್ಯಯನವೊಂದರಲ್ಲಿ, ಇಂಥ 1,084 ರೋಗಿಗಳ ಪೈಕಿ ಅರ್ಧಕ್ಕೆ ಸಮೀಪದಷ್ಟು ಜನರಲ್ಲಿ ಕಂಡದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್, ಅಂದರೆ ಉಸಿರಿನೊಂದಿಗೆ ಒಳಹೋಗುವ ಬೂಷ್ಟು, ಹಕ್ಕಿಯ ಹಿಕ್ಕೆ ಇತ್ಯಾದಿಗಳಿಗೆ ಶ್ವಾಸಕೋಶ ತೋರುವ ಅತಿಯಾದ ಪ್ರತಿಕ್ರಿಯೆ. ಹುಲ್ಲಿನ ಬಣವೆ, ಪಾರಿವಾಳ, ಒದ್ದೆಯಾಗಿ ಬೂಷ್ಟು ಹಿಡಿದ ಗೋಡೆ, ಇವನ್ನೆಲ್ಲ ಕೇಳಬೇಕು. ಕಸಿಯಾಗಿ ಅದೇ ಮನೆಗೆ ಮರಳಿದರೆ ಹೊಸ ಶ್ವಾಸಕೋಶವೂ ಅದೇ ಗಾಳಿಯನ್ನು ಉಸಿರಾಡಬೇಕಲ್ಲವೇ?

ತುಂಗಾತೀರ

ಕೇಳಿದ್ದರು, ಸರ್. ಅಟ್ಟದ ಮೇಲೆ ಹುಲ್ಲು ಪೇರಿಸುವ ಅಭ್ಯಾಸ ನಮ್ಮಲ್ಲಿತ್ತು. ಕೊಟ್ಟಿಗೆಗೆ ಹುಲ್ಲು ಉದುರಿಸುವ ಕೆಲಸವನ್ನು ಅಕ್ಕನೇ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಆಕಳುಗಳನ್ನು ಚಿಕ್ಕಪ್ಪನ ಮನೆಗೆ ಕೊಟ್ಟು ಅಟ್ಟ ಖಾಲಿ ಮಾಡಿಸಿದೆವು. ತಡವಾಗಿತ್ತು.

ಸಮನ್ವಯಕಾರ

ನಾನು ಅಂಗಾಂಗ ಕಸಿ ಸಮನ್ವಯಕಾರನಾಗಿ ಕೆಲಸ ಮಾಡುತ್ತೇನೆ. ಕಾನೂನಿನ ಚೌಕಟ್ಟನ್ನೂ ಗಡಿಯಾರವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾದೀತು.

1994ರ ಮಾನವ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ಮಿದುಳು ನಿಷ್ಕ್ರಿಯವಾಗಿದೆ ಎಂದು ನಾಲ್ವರು ವೈದ್ಯರ ಮಂಡಳಿ ಘೋಷಿಸಬೇಕು. ಪರೀಕ್ಷೆಯನ್ನು ಎರಡು ಸಲ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಮಾಡಬೇಕು. ಇದರಲ್ಲಿ ಒಂದು ಭಾಗ ಆ್ಯಪ್ನಿಯಾ ಪರೀಕ್ಷೆ: ವೆಂಟಿಲೇಟರನ್ನು ಕಳಚಿ, ನಳಿಕೆಯ ಮೂಲಕ ಆಮ್ಲಜನಕ ಮಾತ್ರ ಬಿಟ್ಟು, ರೋಗಿ ತಾನಾಗಿ ಉಸಿರೆಳೆಯುತ್ತಾನೆಯೇ ಎಂದು ಎದೆಯನ್ನೇ ದಿಟ್ಟಿಸುತ್ತಾ ನಿಲ್ಲುವ ಕೆಲವು ನಿಮಿಷಗಳು. ವೆಂಟಿಲೇಟರಿನ ಒತ್ತಡ ತಪ್ಪಿದಾಗ ಶ್ವಾಸಕೋಶದ ಗಾಳಿಚೀಲಗಳು ಮಡಚಿಕೊಳ್ಳುತ್ತವೆ. ಪರೀಕ್ಷೆ ಮುಗಿದ ಕೂಡಲೇ ಅವನ್ನು ಮತ್ತೆ ಅರಳಿಸಬೇಕು. ಅದು ಗೊತ್ತಿಲ್ಲದ ಕಡೆ ಎರಡು ಪರೀಕ್ಷೆ ಮುಗಿಯುವಷ್ಟರಲ್ಲಿ ಒಳ್ಳೆಯ ಶ್ವಾಸಕೋಶವೂ ಕೆಟ್ಟದಾಗಿ ಕಾಣಿಸುತ್ತದೆ.

ಆಮೇಲೆ ಕುಟುಂಬದ ಒಪ್ಪಿಗೆ. 2011ರ ತಿದ್ದುಪಡಿಯ ನಂತರ, ಮಿದುಳು ನಿಷ್ಕ್ರಿಯವಾದ ರೋಗಿಯ ಹತ್ತಿರದ ಸಂಬಂಧಿಗಳನ್ನು ದಾನದ ಬಗ್ಗೆ ಕೇಳುವುದು ಐಸಿಯು ಸಿಬ್ಬಂದಿಯ ಕರ್ತವ್ಯ. ಕಸಿ ಮಾಡುವ ಅನುಮತಿ ಇಲ್ಲದ ಆಸ್ಪತ್ರೆಯೂ ಅಂಗಾಂಗ ಪಡೆಯುವ ಕೇಂದ್ರವಾಗಿ ನೋಂದಣಿ ಮಾಡಿಸಿಕೊಳ್ಳಬಹುದು. ಕಾಗದದ ಮೇಲೆ ಎಲ್ಲವೂ ಇದೆ. ಆದರೆ ರಾತ್ರಿ ಹನ್ನೆರಡಕ್ಕೆ, ಮಗ ಇನ್ನೂ ಬೆಚ್ಚಗಿದ್ದಾನೆ, ಎದೆ ಏರಿಳಿಯುತ್ತಿದೆ ಎನ್ನುವ ತಾಯಿಗೆ "ಅದು ಯಂತ್ರದ ಉಸಿರು" ಎಂದು ತಿಳಿಸುವುದು ಯಾವ ಸುತ್ತೋಲೆಯಿಂದಲೂ ಕಲಿಯಲು ಬರುವುದಿಲ್ಲ. ಪುನೀತ್ ರಾಜ್‌ಕುಮಾರ್ ಅವರ ನೇತ್ರದಾನದ ನಂತರ, ಅದಕ್ಕೂ ಕೆಲವು ತಿಂಗಳ ಹಿಂದೆ ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಕುಟುಂಬ ಅಂಗಾಂಗ ದಾನ ಮಾಡಿದ ನಂತರ, ನಮ್ಮ ಮಾತನ್ನು ಜನ ಕುಳಿತು ಕೇಳುತ್ತಾರೆ. ಅಷ್ಟು ವ್ಯತ್ಯಾಸ ನನ್ನ ಅನುಭವಕ್ಕೇ ಬಂದಿದೆ.

ಒಪ್ಪಿಗೆ ಸಿಕ್ಕಿದ ಮೇಲೆ ಹಂಚಿಕೆ. 2007ರಲ್ಲಿ ವಲಯ ಸಮನ್ವಯ ಸಮಿತಿಯಾಗಿ ಶುರುವಾಗಿ ಈಗ ಜೀವಸಾರ್ಥಕತೆ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಸಂಸ್ಥೆ ರಾಜ್ಯದೊಳಗಿನ ಹಂಚಿಕೆಯನ್ನು ನೋಡಿಕೊಳ್ಳುತ್ತದೆ. ಇಲ್ಲಿ ಹೊಂದುವ ರೋಗಿ ಇಲ್ಲದಿದ್ದರೆ ಚೆನ್ನೈನಲ್ಲಿರುವ ದಕ್ಷಿಣ ಪ್ರಾದೇಶಿಕ ಸಂಸ್ಥೆಯ ಮೂಲಕ ನೆರೆರಾಜ್ಯಗಳಿಗೆ ಕರೆ ಹೋಗುತ್ತದೆ. ಶ್ವಾಸಕೋಶಕ್ಕೆ ರಕ್ತದ ಗುಂಪು ಹೊಂದಿದರೆ ಸಾಲದು, ಅಳತೆಯೂ ಹೊಂದಬೇಕು. ಆರಡಿ ಎತ್ತರದವನ ಶ್ವಾಸಕೋಶ ಐದಡಿ ಹೆಂಗಸಿನ ಎದೆಗೂಡಿನಲ್ಲಿ ಕೂರುವುದಿಲ್ಲ. ಎಲ್ಲವೂ ಕೂಡಿಬಂದಿತೆಂದುಕೊಂಡರೂ, ರಕ್ತ ಸಂಚಾರ ನಿಲ್ಲಿಸಿದ ಕ್ಷಣದಿಂದ ಹೊಸ ದೇಹದಲ್ಲಿ ರಕ್ತ ಹರಿಯುವವರೆಗೆ ಇರುವ ಅವಧಿ ಸಾಮಾನ್ಯವಾಗಿ ಆರು ಗಂಟೆ. ಮೂತ್ರಪಿಂಡವಾದರೆ ಒಂದು ಹಗಲು ಒಂದು ರಾತ್ರಿ ತಾಳುತ್ತದೆ. 2025ರ ಆಗಸ್ಟ್ 1ರಂದು ನಮ್ಮ ಮೆಟ್ರೋದಲ್ಲಿ ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿ ನಗರಕ್ಕೆ ಯಕೃತ್ತನ್ನು ಒಯ್ದ ಸುದ್ದಿಯನ್ನು ಓದಿರುತ್ತೀರಿ. ಊರೊಳಗಿನ ದಾರಿಗೆ ಅಂಥ ಉಪಾಯಗಳಿವೆ. ಕಲಬುರಗಿಯಲ್ಲೋ ಹುಬ್ಬಳ್ಳಿಯಲ್ಲೋ ದಾನಿ ಇದ್ದು, ಕಸಿ ತಂಡ ಬೆಂಗಳೂರಿನಲ್ಲಿದ್ದರೆ ರಸ್ತೆಯ ಮಾತೇ ಇಲ್ಲ, ವಿಮಾನವೇ ಬೇಕು. ಬಾಡಿಗೆ ವಿಮಾನದ ಖರ್ಚು ಪಡೆಯುವ ರೋಗಿಯ ತಲೆಗೆ ಬರುತ್ತದೆ. ಲೆಕ್ಕಿಗರ ಮಾತು ಇಲ್ಲಿ ಮತ್ತೆ ನಿಜವಾಗುತ್ತದೆ.

ಲೆಕ್ಕಿಗ

ಹುಬ್ಬಳ್ಳಿಯ ವೈದ್ಯೆಯ ಬರಹ ಓದಿದ ಮೇಲೆ ನನ್ನ ಮೊದಲ ಮಾತನ್ನು ಸ್ವಲ್ಪ ಹಿಂದೆಗೆದುಕೊಳ್ಳುತ್ತೇನೆ, ಪೂರ್ತಿ ಅಲ್ಲ. ಬಡ ಕುಟುಂಬದ ಯುವಕನ ಅಂಗ ಸರ್ಕಾರಿ ಆಸ್ಪತ್ರೆಯ ಐಸಿಯುನಿಂದ ಹೊರಟು ಖಾಸಗಿ ಆಸ್ಪತ್ರೆಯ ಶಸ್ತ್ರಕೊಠಡಿಗೆ ಹೋಗುತ್ತದೆ. ಹಿಂದಿರುಗಿ ಆ ಯುವಕನ ಊರಿನ ಬಡವನಿಗೆ ಬರುವ ದಾರಿ ಇಲ್ಲ. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅಂಗಾಂಗ ಕಸಿಗೆ ನೆರವಿನ ಯೋಜನೆ ಇದೆ, ಒಪ್ಪಿದೆ. ಆದರೆ ಶಸ್ತ್ರಚಿಕಿತ್ಸೆ ಒಂದು ದಿನದ್ದು, ಔಷಧ ಬದುಕಿರುವವರೆಗಿನದು. ಎದೆರೋಗಕ್ಕೆಂದೇ ಇರುವ ರಾಜೀವ್ ಗಾಂಧಿ ಸಂಸ್ಥೆ ಹೊಸೂರು ರಸ್ತೆಯಲ್ಲಿದೆ, ಹೃದಯಕ್ಕೆ ಜಯದೇವ ಇದೆ. ಚಂಡೀಗಢದ ಪಿಜಿಐ ಸರ್ಕಾರಿ ಸಂಸ್ಥೆಯಾಗಿದ್ದುಕೊಂಡೇ 2017ರಲ್ಲಿ ಶ್ವಾಸಕೋಶ ಕಸಿ ಮಾಡಿತು. ಇಲ್ಲೇಕೆ ಅದು ವಾಡಿಕೆಯ ಸೇವೆಯಾಗಬಾರದು?

ನಿಗಾ ಘಟಕದ ವೈದ್ಯೆ (ಹುಬ್ಬಳ್ಳಿ)

ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಸಿ ಕೇಂದ್ರವನ್ನು ಉದ್ಘಾಟಿಸಿ ಫಲಕ ಹಾಕುವುದಕ್ಕೆ ಮೊದಲು, ಜಿಲ್ಲಾಸ್ಪತ್ರೆಗಳ ಐಸಿಯುಗಳಲ್ಲಿ ರಾತ್ರಿ ಪಾಳಿಗೆ ಇನ್ನೊಬ್ಬ ದಾದಿಯನ್ನೂ ಶ್ವಾಸನಾಳದೊಳಗೆ ಇಳಿಸಿ ನೋಡುವ ಒಂದು ಬ್ರಾಂಕೋಸ್ಕೋಪನ್ನೂ ಕೊಟ್ಟರೆ ಅದೇ ಹಣಕ್ಕೆ ಹೆಚ್ಚು ಶ್ವಾಸಕೋಶಗಳು ಉಳಿಯುತ್ತವೆ. ಅಷ್ಟೇ ಅಲ್ಲ, ದಾನಿಯಾಗದೆ ಬದುಕಿ ಮನೆಗೆ ಹೋಗುವ ರೋಗಿಗಳೂ ಹೆಚ್ಚುತ್ತಾರೆ. ಕಫ ಹೀರುವುದು, ತಲೆ ಏರಿಸಿ ಮಲಗಿಸುವುದು, ವೆಂಟಿಲೇಟರಿನಲ್ಲಿ ಚಿಕ್ಕ ಚಿಕ್ಕ ಉಸಿರು ಕೊಡುವುದು, ಸಲೈನಿಗೆ ಕಡಿವಾಣ ಹಾಕುವುದು, ಇವೆಲ್ಲ ಬದುಕುವವನಿಗೂ ಒಳ್ಳೆಯವೇ.

ಒಂಟಾರಿಯೋದ ಕನ್ನಡಿಗ

ನಾನು ಟೊರೊಂಟೊದಲ್ಲಿ ಉಸಿರಾಟ ಚಿಕಿತ್ಸಕನಾಗಿ ಕೆಲಸ ಮಾಡುತ್ತೇನೆ. 1963ರಲ್ಲಿ ಮಿಸಿಸಿಪಿಯಲ್ಲಿ ಜೇಮ್ಸ್ ಹಾರ್ಡಿ ಮಾಡಿದ ಮೊದಲ ಶ್ವಾಸಕೋಶ ಕಸಿಯ ರೋಗಿ 18 ದಿನ ಮಾತ್ರ ಬದುಕಿದ್ದ. ಅಲ್ಲಿಂದ ಇಪ್ಪತ್ತು ವರ್ಷ ಪ್ರಯತ್ನಗಳು ಸೋಲುತ್ತಲೇ ಹೋಗಿ, ದೀರ್ಘಕಾಲ ಬಾಳುವಂಥ ಮೊದಲ ಗೆಲುವು ಸಿಕ್ಕಿದ್ದು 1983ರಲ್ಲಿ, ಇದೇ ಊರಿನಲ್ಲಿ, ಜೋಯೆಲ್ ಕೂಪರ್ ತಂಡಕ್ಕೆ. ದಾನಿಯ ಎದೆಯಲ್ಲಿ ಸೋತಂತೆ ಕಂಡ ಶ್ವಾಸಕೋಶವನ್ನು ಹೊರತೆಗೆದು, ಗಾಜಿನ ಗುಮ್ಮಟದಂಥ ಪೆಟ್ಟಿಗೆಯೊಳಗೆ ದೇಹದ ಬಿಸಿಯಲ್ಲೇ ಇರಿಸಿ, ಉಸಿರಾಡಿಸುತ್ತಾ ದ್ರಾವಣ ಹರಿಸುವ ವಿಧಾನವನ್ನು ಇಲ್ಲಿನವರೇ ಬೆಳೆಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕಾರು ಗಂಟೆಗಳಲ್ಲಿ ನೀರು ಇಳಿದು ಗುಲಾಬಿ ಬಣ್ಣಕ್ಕೆ ತಿರುಗುವ ಶ್ವಾಸಕೋಶವನ್ನು ಎದುರಿಗೇ ನೋಡಿದ್ದೇನೆ. ನಮ್ಮ ಕಡೆ ಪುರಿ ಉಬ್ಬುವುದನ್ನು ನೋಡುತ್ತಾ ನಿಲ್ಲುತ್ತೇವಲ್ಲ, ಹಾಗೆ ನಿಂತುಬಿಟ್ಟಿದ್ದೆ. ಈಗ ಮಂಜುಗಡ್ಡೆಯ ಬದಲು 10 ಡಿಗ್ರಿಯಲ್ಲಿಟ್ಟು ಕಾಯುವ ಅವಧಿಯನ್ನು ಹಿಗ್ಗಿಸುವ ಪ್ರಯೋಗವೂ ನಡೆದಿದೆ. ಕರ್ನಾಟಕದಂಥ ಉದ್ದನೆಯ ರಾಜ್ಯಕ್ಕೆ ಇವು ಬಹಳ ಒದಗುತ್ತವೆ ಎನಿಸುತ್ತದೆ.

ಸಮನ್ವಯಕಾರ

10 ಡಿಗ್ರಿಯ ವಿಷಯದಲ್ಲಿ ನನಗೂ ಆಸೆ ಇದೆ, ಅದಕ್ಕೆ ಬೇಕಾದದ್ದು ಒಳ್ಳೆಯ ಪೆಟ್ಟಿಗೆಯಷ್ಟೇ. ಆ ಗುಮ್ಮಟದ ಯಂತ್ರಕ್ಕೆ ಪ್ರತಿ ಸಲವೂ ತಗಲುವ ಖರ್ಚನ್ನು ನೆನೆದರೆ ಲೆಕ್ಕಿಗರು ನಮ್ಮಿಬ್ಬರನ್ನೂ ಬಿಡುವುದಿಲ್ಲ.

ಅಡ್ಯಾರಿನಲ್ಲಿ ಹದಿನಾಲ್ಕು ತಿಂಗಳು

ನನ್ನ ಯಜಮಾನರಿಗೆ ಚೆನ್ನೈನಲ್ಲಿ ಕಸಿಯಾಗಿ ಐದನೆಯ ವರ್ಷ ನಡೆಯುತ್ತಿದೆ. ಇಲ್ಲಿ ಎಲ್ಲರೂ ಶ್ವಾಸಕೋಶ ಸಿಗುವವರೆಗಿನ ಕಥೆಯನ್ನೇ ಬರೆಯುತ್ತಿದ್ದೀರಿ, ನಾನು ಸಿಕ್ಕಿದ ಮೇಲಿನದನ್ನು ಬರೆಯುತ್ತೇನೆ. ತುಂಗಾತೀರರ ಮನೆಯವರು ಇದನ್ನು ತಿಳಿದೇ ಹೆಜ್ಜೆ ಇಡಬೇಕು.

ಕರೆ ಬಂದರೆ ಎರಡು ಗಂಟೆಯೊಳಗೆ ತಲುಪುವಂತಿರಬೇಕು ಎಂದಿದ್ದರಿಂದ ದಾವಣಗೆರೆಯ ಮನೆಗೆ ಬೀಗ ಹಾಕಿ ಅಡ್ಯಾರಿನಲ್ಲಿ ಒಂದು ಕೋಣೆಯ ಮನೆ ಹಿಡಿದೆವು. ಎರಡು ಸಲ ಕರೆ ಬಂದು, ಉಪವಾಸವಿದ್ದು, ಮೈಯೆಲ್ಲ ಶುಚಿ ಮಾಡಿಸಿಕೊಂಡು ಶಸ್ತ್ರಕೊಠಡಿಯ ಬಾಗಿಲವರೆಗೆ ಹೋಗಿ, "ದಾನಿಯ ಶ್ವಾಸಕೋಶ ಸರಿಯಿಲ್ಲ" ಎಂದು ಮರಳಿದೆವು. ಎರಡನೆಯ ಸಲ ಆಟೋದಲ್ಲಿ ಹಿಂದಿರುಗುವಾಗ ಅವರು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಮೊಸರನ್ನ ಕೇಳಿ ಉಂಡರು. ಹುಬ್ಬಳ್ಳಿಯ ಡಾಕ್ಟರ್ ಮೇಡಂ ಬರೆದದ್ದನ್ನು ಓದಿದಾಗ, ಆ ಎರಡು ರಾತ್ರಿ ಇನ್ನೊಂದು ತುದಿಯಲ್ಲಿ ಏನು ನಡೆದಿರಬಹುದೆಂದು ಈಗ ಅರ್ಥವಾಗುತ್ತಿದೆ. ಮೂರನೆಯದು ನಿಜವಾಯಿತು.

ಈಗ ನಮ್ಮ ದಿನ ಶುರುವಾಗುವುದು ಒಂದು ನೋಟ್‌ಬುಕ್ಕಿನಿಂದ. ಬೆಳಗ್ಗೆ ಎದ್ದು ಉಸಿರಿನ ಬಲ ಅಳೆಯುವ ಸ್ಪೈರೋಮೀಟರಿಗೆ ಊದಿ ಅಂಕಿಯನ್ನು ಬರೆಯುತ್ತಾರೆ, ತೂಕ, ಜ್ವರ, ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಪ್ರಮಾಣ) ಬರೆಯುತ್ತಾರೆ. ಊದಿದ ಅಂಕಿ ನೂರಕ್ಕೆ ಹತ್ತರಷ್ಟು ಇಳಿದರೆ ಅಂದೇ ಫೋನು ಮಾಡಬೇಕು. ಎಂಟು ಗಂಟೆಗೆ ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆ, ರಾತ್ರಿ ಎಂಟಕ್ಕೆ ಮತ್ತೆ. ಮದುವೆ ಮನೆಯಿರಲಿ, ಬಸ್ಸಿರಲಿ, ಎಂಟು ಎಂದರೆ ಎಂಟು. ಎರಡನೆಯ ವರ್ಷ ಸಂಬಂಧಿಯೊಬ್ಬರು ದೇವನಹಳ್ಳಿಯ ಚಕ್ಕೋತ ತಂದುಕೊಟ್ಟರು. ನಾನು ತೊಳೆ ಬಿಡಿಸಿ ತಟ್ಟೆಯಲ್ಲಿಟ್ಟ ಮೇಲೆ ನೆನಪಾಗಿ, ಆಸ್ಪತ್ರೆಯ ಆಹಾರ ತಜ್ಞೆಗೆ ಫೋನು ಮಾಡಿದೆ. ಚಕ್ಕೋತವೂ ಅದರ ಜಾತಿಯ ಗ್ರೇಪ್‌ಫ್ರೂಟೂ ಆ ಔಷಧದ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ, ಮುಟ್ಟಲೇಬೇಡಿ ಎಂದರು. ತಟ್ಟೆಯನ್ನು ಮಕ್ಕಳಿಗೆ ಕೊಟ್ಟೆ. ತೋಟದ ಮಣ್ಣು, ಗೊಬ್ಬರ, ಹಳೆಯ ಕಟ್ಟಡ ಕೆಡಹುವ ದೂಳು, ಜನಜಂಗುಳಿಯ ಜಾತ್ರೆ, ಎಲ್ಲದರಿಂದಲೂ ದೂರ. ಮೊದಲ ವರ್ಷ ಎರಡು ಸಲ ದೇಹ ಶ್ವಾಸಕೋಶವನ್ನು ತಿರಸ್ಕರಿಸಲು ಹೊರಟಿತ್ತು, ಒಮ್ಮೆ ಶಿಲೀಂಧ್ರದ ಸೋಂಕೂ ಆಯಿತು. ಇಷ್ಟೆಲ್ಲ ಇದ್ದರೂ, ಕಳೆದ ದಸರಾದಲ್ಲಿ ಚಾಮುಂಡಿ ಬೆಟ್ಟದ ನಂದಿಯವರೆಗೆ ಮೆಟ್ಟಿಲು ಹತ್ತಿದರು. ನಾನೇ ಹಿಂದೆ ಉಳಿದೆ.

ಎದೆರೋಗ ವೈದ್ಯ (ಮೈಸೂರು)

ತಾಯೀ, ನೀವು ಬರೆದದ್ದನ್ನು ಅನುಮತಿ ಕೊಟ್ಟರೆ ನನ್ನ ರೋಗಿಗಳಿಗೆ ಓದಿ ಹೇಳುತ್ತೇನೆ. ಅಂಕಿಯನ್ನೂ ಮುಚ್ಚಿಡಬಾರದು: ಅಂತರರಾಷ್ಟ್ರೀಯ ದಾಖಲಾತಿಯಲ್ಲಿ, 2010ರಿಂದ 2017ರ ನಡುವೆ ಕಸಿಯಾದ ವಯಸ್ಕರಲ್ಲಿ ಅರ್ಧದಷ್ಟು ಜನ ಬದುಕಿದ್ದದ್ದು ಸುಮಾರು 6.7 ವರ್ಷ ಅಥವಾ ಅದಕ್ಕಿಂತ ಹೆಚ್ಚು, ಉಳಿದರ್ಧ ಅದಕ್ಕಿಂತ ಕಡಿಮೆ. ಮೂತ್ರಪಿಂಡ, ಯಕೃತ್ತಿಗೆ ಹೋಲಿಸಿದರೆ ಇದು ಕಡಿಮೆ. ಕಾಲಕ್ರಮೇಣ ಸಣ್ಣ ಶ್ವಾಸನಾಳಗಳು ಕಲೆಗಟ್ಟಿ ಮುಚ್ಚುವ ದೀರ್ಘಕಾಲದ ತಿರಸ್ಕಾರವೇ ಇದಕ್ಕೆ ಮುಖ್ಯ ಕಾರಣ. ಇದನ್ನು ಮೊದಲೇ ತಿಳಿಸದೆ "ಹೊಸ ಜೀವನ" ಎಂದು ಜಾಹೀರಾತು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆಂದು, ಮುಂದಿನ ಮಳೆಗಾಲ ಕಾಣುವುದೇ ಅನುಮಾನವಾಗಿರುವ ರೋಗಿಗೆ ಆರೇಳು ವರ್ಷ ಸಣ್ಣ ಮಾತಲ್ಲ. ಲೆಕ್ಕ ಹಾಕಬೇಕಾದದ್ದು ಹಾಗೆ.

ತುಂಗಾತೀರ

ಎಲ್ಲರ ಮಾತುಗಳನ್ನೂ ಮುದ್ರಿಸಿಕೊಂಡು ಅಕ್ಕನಿಗೆ ಓದಿ ಹೇಳಿದೆ. 6.7ರ ಅಂಕಿಯನ್ನು ಓದುವಾಗ ತಡವರಿಸಿದೆ. "ಅದನ್ನೂ ಓದು ಮಾರಾಯ, ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?" ಎಂದಳು. ಮುಂದಿನ ವಾರ ಬೆಂಗಳೂರಿನಲ್ಲಿ ಕಸಿ ತಂಡವನ್ನು ಕಾಣುವುದೆಂದು ತೀರ್ಮಾನಿಸಿದ್ದೇವೆ. ಅಲ್ಲಿ ಬೇಡವೆಂದರೆ ಚೆನ್ನೈ. ಸಮನ್ವಯಕಾರರಲ್ಲಿ ಎರಡು ಪ್ರಶ್ನೆಗಳು: ಬೇರೆ ರಾಜ್ಯದವರೆಂದು ಚೆನ್ನೈನಲ್ಲಿ ನೋಂದಣಿಗೆ ತಡೆಯುತ್ತಾರೆಯೇ? ಮತ್ತು, ತೀರ್ಥಹಳ್ಳಿಯಲ್ಲೇ ಇದ್ದುಕೊಂಡು ಕಾಯಬಹುದೇ? ಶಿವಮೊಗ್ಗದಲ್ಲಿ ಈಗ ವಿಮಾನ ನಿಲ್ದಾಣವೂ ಇದೆ.

ಸಮನ್ವಯಕಾರ

ಮೊದಲನೆಯದಕ್ಕೆ: 2023ರಲ್ಲಿ ಕೇಂದ್ರ ಸರ್ಕಾರ ವಾಸಸ್ಥಳದ ಷರತ್ತನ್ನು ತೆಗೆಯುವಂತೆ ರಾಜ್ಯಗಳಿಗೆ ಸೂಚಿಸಿದೆ, 65 ವರ್ಷದ ವಯೋಮಿತಿಯೂ ಹೋಗಿದೆ, ನೋಂದಣಿಗೆ ಶುಲ್ಕ ಕೇಳುವಂತಿಲ್ಲ. ನೋಂದಣಿ ಬೇರೆ, ಹಂಚಿಕೆಯ ಸರದಿ ಬೇರೆ ಎಂಬುದನ್ನು ಮಾತ್ರ ನೆನಪಿಡಿ. ಅಂಗ ಬಂದಾಗ ತಮ್ಮ ರಾಜ್ಯದ ರೋಗಿಗಳನ್ನು ಮೊದಲು ನೋಡುವ ರೂಢಿ ಇರುವುದರಿಂದ, ನಿಮ್ಮ ಸ್ಥಾನ ಯಾವುದೆಂದು ಅಲ್ಲಿನ ಸಮನ್ವಯಕಾರರಲ್ಲಿ ನೇರವಾಗಿ ಕೇಳಿ.

ಎರಡನೆಯದಕ್ಕೆ: ಆಗುವುದಿಲ್ಲ. ಕರೆ ಸಾಮಾನ್ಯವಾಗಿ ರಾತ್ರಿಯೇ ಬರುತ್ತದೆ, ರಾತ್ರಿ ಎರಡಕ್ಕೆ ಶಿವಮೊಗ್ಗದಲ್ಲಿ ನಿಮಗಾಗಿ ವಿಮಾನ ಕಾಯುತ್ತಿರುವುದಿಲ್ಲ. ಪಟ್ಟಿಗೆ ಹೆಸರು ಸೇರಿದ ದಿನದಿಂದ ಆಸ್ಪತ್ರೆಯ ಹತ್ತಿರವೇ ಮನೆ ಹಿಡಿಯಿರಿ. ನೆಲಮಹಡಿಯದೇ ನೋಡಿ. ಕಿಟಕಿಯ ಮೇಲೆ ಪಾರಿವಾಳ ಕೂರುವ ಮನೆ ಬೇಡ. ಬೆಂಗಳೂರಿನಲ್ಲಿ ಅದನ್ನು ಹುಡುಕುವುದೇ ಕಷ್ಟ. ಅಕ್ಕನವರು ದಿನಾ ಎಷ್ಟು ನಡೆಯುತ್ತಾರೆ?

ತುಂಗಾತೀರ

ಆಮ್ಲಜನಕ ಹಾಕಿಕೊಂಡು, ತುಳಸಿಕಟ್ಟೆಯಿಂದ ಅಡಿಕೆ ಒಣಗಿಸುವ ಅಂಗಳದ ತುದಿಯವರೆಗೆ ನಾಲ್ಕು ಸುತ್ತು. ಉದ್ದನೆಯ ನಳಿಕೆಯನ್ನು ನಾನು ಹಿಂದಿನಿಂದ ಹಿಡಿದುಕೊಂಡು ಹೋಗುತ್ತೇನೆ.

ಎದೆರೋಗ ವೈದ್ಯ (ಮೈಸೂರು)

ಆರು ಮಾಡಿಸಿ. ಸ್ಯಾಚುರೇಶನ್ 88ಕ್ಕೆ ಇಳಿದರೆ ನಿಲ್ಲಿಸಿ, ಕೂರಿಸಿ, ಏರಿದ ಮೇಲೆ ಮತ್ತೆ ಶುರು ಮಾಡಿ. ಬೆಂಗಳೂರಿನಲ್ಲಿ ಮೊದಲು ಮಾಡಿಸುವುದೇ ಆರು ನಿಮಿಷದ ನಡಿಗೆ ಪರೀಕ್ಷೆ.